ಆ ಕಡೆಗೆ ಕೇಳುವ ಗೆರೆ

ಶುಕ್ರವಾರ ನಾಸಿರನಿಗೆ ರಜೆ. ಮಸ್ಕತ್ತಿನಲ್ಲಿ ನೀರಿನ ಟ್ಯಾಂಕರ್ ಓಡಿಸುವ ಅವನ ಜೊತೆ ಮಾತಾಡಲೆಂದು ಹೆಂಡತಿ ಮೆಹೆರಾಜ, ಅತ್ತೆ ಕಾಶಿಂಬಿಯ ಸಂಗಡ ಮುರಗೋಡದಿಂದ ಟೆಂಪೊ ಹತ್ತಿ ಬೈಲಹೊಂಗಲಕ್ಕೆ ಬರುತ್ತಿದ್ದಳು. ಅಲ್ಲಿ ಶೈಲಜಾಳ ಇಂಟರ್‌ನೆಟ್ ಅಂಗಡಿಯಲ್ಲಿ ಕಂಪ್ಯೂಟರಿನಿಂದಲೇ ಫೋನು ಹಚ್ಚುತ್ತಿದ್ದರು.

ಈ ಶುಕ್ರವಾರ ಬೇರೆ. ಇನ್ನೆರಡು ವರ್ಷ ಇರುತ್ತೇನೆಂದು ಅವನು ನಾಳೆ ಕಾಗದಕ್ಕೆ ಸಹಿ ಹಾಕಬೇಕಿತ್ತು. "ಬಂದುಬಿಡ್ರಿ" ಅನ್ನುವ ಒಂದು ಮಾತನ್ನು ಮೆಹೆರಾಜ ತಿಂಗಳಿಂದ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ರೊಟ್ಟಿ ಬಡಿಯುವಾಗ ಅನ್ನುತ್ತಿದ್ದಳು, ಅರಿವೆ ಹಿಂಡುವಾಗ ಅನ್ನುತ್ತಿದ್ದಳು. ಅಂಗಡಿಯಲ್ಲಿ ಮಾತ್ರ ಅತ್ತೆ ಪಕ್ಕದಲ್ಲೇ ಇರುತ್ತಿದ್ದಳು. ಸಣ್ಣಗೆ ಅಂದರೆ ಆ ಕಡೆ ಮುಟ್ಟುತ್ತಿರಲಿಲ್ಲ. "ಏನಂದಿ? ಕೇಳಸವಲ್ದು" ಎನ್ನುತ್ತಿದ್ದ ನಾಸಿರ. "ಏನಿಲ್ರಿ, ಊಟ ಆತೇನ್ರಿ?" ಎಂದು ಅವಳು ಸುಮ್ಮನಾಗುತ್ತಿದ್ದಳು.

ಇವತ್ತು ಅತ್ತೆ ಹೊರಗೆ ನೀರು ಕುಡಿಯುತ್ತಿದ್ದಾಗ ಮೆಹೆರಾಜ ಶೈಲಜಾಳನ್ನು ಕೇಳಿದಳು. "ಅಕ್ಕಾರ, ನಾ ಸಣ್ಣಗ ಮಾತಾಡಿದ್ರೂ ಅವರಿಗೆ ಕೇಳೂಹಂಗ ಮಾಡಾಕ ಬರತೈತೇನ್ರಿ?"

ಶೈಲಜಾ ಪರದೆಯ ಮೇಲೆ ಎರಡು ಗೆರೆ ತೋರಿಸಿದಳು. "ಈ ಗೆರಿ ಏರಿಸಿದ್ರ ಅವರ ದನಿ ನಿಮಗ ಜೋರ ಕೇಳತೈತಿ. ಇದನ್ನ ಏರಿಸಿದ್ರ ನಿಮ್ಮ ದನಿ ಅವರಿಗೆ. ನಿಮ್ಮತ್ತಿ ಚೀರತಾರಂತ ಇದನ್ನ ಇಳಿಸಿಟ್ಟೇನಿ. ಇಲ್ಲಂದ್ರ ಅವರ ಕಿವಿ ಒಡದ ಹೋಗತಾವ."

"ಇವತ್ತೊಂದಿನ ಏರಸ್ರಿ."

ಶೈಲಜಾ ಅವಳ ಮುಖ ನೋಡಿ, ಗೆರೆಯ ಗುಂಡಿಯನ್ನು ತುದಿಯವರೆಗೆ ಎಳೆದಳು. "ಈಗ ಉಸರ ಬಿಟ್ರೂ ಕೇಳತೈತಿ."

ಕಾಶಿಂಬಿ ಬಂದವಳೇ ಎಂದಿನಂತೆ ತಾನೇ ಮೊದಲು ಕೂತಳು. ತಲೆಯ ಸೆರಗಿನ ಮೇಲೇ ಹೆಡ್‌ಫೋನು ಏರಿಸಿ, ಬಾಯಿಯ ಹತ್ತಿರದ ಪುಟ್ಟ ಮೈಕಿಗೆ ಚೀರಿದಳು. "ಬೇಟಾ! ನಾವು ಆರಾಮ ಅದೇವಿ! ಚಿಂತಿ ಮಾಡಬ್ಯಾಡ, ಅಲ್ಲೇ ಇರು!"

ಪಕ್ಕದ ಕಂಪ್ಯೂಟರಿನ ಪರಸಪ್ಪ ನಕ್ಕ. "ಚಾಚಿ, ನಿಮಗ ಫೋನ್ ಯಾಕ ಬೇಕ್ರಿ? ಮಾಳಗಿ ಹತ್ತಿ ಕರದ್ರ ಮಸ್ಕತ್ತಿಗೆ ಕೇಳತೈತಿ."

"ನಿನ್ನ ಮಗ ಅಷ್ಟ ದೂರ ಇದ್ದಿದ್ರ ನೀನೂ ಚೀರತಿದ್ದಿ. ಸುಮ್ನ ಕುಂದ್ರು."

ಅಲ್ಲೇ ಇರು. ಪ್ರತಿ ಶುಕ್ರವಾರ ಇದೇ ಮಾತು. ಇದು ಕಿವಿಗೆ ಬಿದ್ದಾಗೆಲ್ಲ ಮೆಹೆರಾಜಳ ಮಾತು ಗಂಟಲಿಗೆ ಇಳಿದುಬಿಡುತ್ತಿತ್ತು.

ಕಾಶಿಂಬಿ ಹೆಡ್‌ಫೋನು ತೆಗೆದಳು. ಕಿವಿಯಿಂದ ತೆಗೆದರೆ ಫೋನು ಮುಗಿಯಿತು ಅನ್ನುವುದು ಅವಳ ಲೆಕ್ಕ. ಅದನ್ನು ಎದೆಗೆ ಒತ್ತಿಕೊಂಡು, ಗೋಡೆ ನೋಡುತ್ತ, ತನ್ನಷ್ಟಕ್ಕೆ ಗೊಣಗಿದಳು.

"ಅಲ್ಲೇ ಇರು ಅಂತೇನಿ ನೋಡು, ನನ್ನ ನಾಲಗಿ ಸುಡ್ಲಿ. ನಿನ್ನ ಮಾರಿ ನೋಡಬೇಕಾಗೇತಿ. ಬಾರೋ ಮಗನ."

ಮೆಹೆರಾಜ ಪರದೆಯ ಮೇಲೆ ತುದಿಗೇರಿದ್ದ ಗೆರೆಯನ್ನು ನೋಡಿದಳು. ಆಮೇಲೆ ಅತ್ತೆಯ ಕೈಯಿಂದ ಮೆಲ್ಲಗೆ ಹೆಡ್‌ಫೋನು ತೆಗೆದುಕೊಂಡು ಹಾಕಿಕೊಂಡಳು. ಆ ಕಡೆಯಿಂದ ನಾಸಿರ ಕೇಳಿದ. "ಈಗ 'ಬಾ' ಅಂದದ್ದು ಯಾರು?"

"ಅಮ್ಮ ಅಂದ್ರು." ಅವಳು ಮೈಕನ್ನು ತುಟಿಗೆ ತಂದು ಪಿಸುಗುಟ್ಟಿದಳು. "ನಾನೂ ಅದನ್ನ ಅಂತೇನ್ರಿ."

ಪಕ್ಕದ ಪರಸಪ್ಪನಿಗೂ ಅದು ಕೇಳಿಸಲಿಲ್ಲ. ನಾಸಿರನ ಉತ್ತರ ಎಷ್ಟು ಸಣ್ಣಗಿತ್ತೆಂದರೆ ಅವಳು ಎರಡೂ ಅಂಗೈಯಿಂದ ಹೆಡ್‌ಫೋನನ್ನು ಕಿವಿಗೆ ಅದುಮಿಕೊಂಡಳು. ಶೈಲಜಾಳ ಕೈ ಇನ್ನೊಂದು ಗೆರೆಯತ್ತ ಹೋಯಿತು.

"ಬ್ಯಾಡ್ರಿ ಅಕ್ಕಾರ. ಕೇಳಿಸ್ತು."

"ಏನಂತಾನ?" ಎಂದಳು ಕಾಶಿಂಬಿ.

"ಸಹಿ ಮಾಡೂದಿಲ್ಲಂತ್ರಿ ಅಮ್ಮಾ. ಬರತಾರಂತ."

ಕಾಶಿಂಬಿ ಹೆಡ್‌ಫೋನು ಕಸಿದುಕೊಂಡು ಚೀರಲು ಬಾಯಿ ತೆರೆದಳು. ದನಿ ಏಳಲಿಲ್ಲ, ಉಸಿರಷ್ಟೇ ಬಂತು. ಗೆರೆ ಇನ್ನೂ ತುದಿಯಲ್ಲೇ ಇತ್ತು. ಶೈಲಜಾ ಅದನ್ನು ಇಳಿಸಲಿಲ್ಲ.