ನಮ್ಮ ಮುಖದ ಹಣ

ಹೆಣಕ್ಕೆ ಉಡಿಸಬೇಕಾದ ಲಂಗದ ಅಂಚನ್ನು ಬಲ್ಬಿನಾ ಬ್ಲೇಡಿನಿಂದ ಬಿಚ್ಚುತ್ತಿದ್ದಳು. ಅವ್ವ ತ್ರಾನ್ಸಿತೊಳ ಹಬ್ಬದ ಲಂಗ. ಎತ್ತಿದರೆ ಕುರಿಮರಿಯಷ್ಟು ಭಾರ. ಮೂರನೆಯ ಹೊಲಿಗೆ ಕಿತ್ತದ್ದೇ ತಡ, ಹೊಂಬಣ್ಣದ ಡಾಲರ್ ನಾಣ್ಯಗಳು ಮಣ್ಣಿನ ನೆಲಕ್ಕೆ ಉದುರಿದವು. ಎಲ್ಲದರ ಮೇಲೂ ಅದೇ ಹೆಂಗಸು: ಬೆನ್ನಿಗೆ ಮಗು ಕಟ್ಟಿಕೊಂಡು, ಹೆಗಲ ಮೇಲಿಂದ ಹಿಂತಿರುಗಿ ನೋಡುವವಳು.

"ಇಲ್ಲಿದೆ ನೋಡು ನನ್ನ ಮನೆ ಸೂರು," ಎಂದ ಅಣ್ಣ ಅವೆಲಿನೊ. "ಸೋರ್ತಿದೆ ಕಣವ್ವಾ ಅಂತ ಬೇಡ್ಕೊಂಡಾಗ ಬಿಡಿಗಾಸಿಲ್ಲ ಅಂದಿದ್ಲು."

"ಇದು ಅವಳಿಗೆ ಕಾಸಾಗಿರ್ಲಿಲ್ಲ. ನಿಂಗೂ ಗೊತ್ತು."

ನೆರೆಮನೆಯ ಅಸುಂತಾ ಹೆಣದ ತಲೆ ಬಾಚುತ್ತಿದ್ದಳು. "ಕಾಸಿನ ಮಾತು ನಂಗ್ಹೇಳಿ. ಮೊನ್ನೆ ಮೊನ್ನೆವರೆಗೂ ಸಂತೇಲಿ ಕೂತು, ಬೇಯಿಸಿದ ಜೋಳ ಇಪ್ಪತ್ತೈದು ಸಾವಿರ ಸುಕ್ರೆ ಅಂತ ಹಳೇ ದುಡ್ಡಿನ ಲೆಕ್ಕದಲ್ಲೇ ಕೂಗ್ತಿದ್ಲು ಪುಣ್ಯಾತ್ಗಿತ್ತಿ. ಊರೋರು ಒಂದು ಡಾಲರ್ ಕೊಟ್ಟು ತಿಂತಿದ್ರು. ಪರವೂರೋರು ಬೆಲೆ ಕೇಳೇ ಬಸ್ ಹತ್ತುತ್ತಿದ್ರು."

"ಸುಕ್ರೆ ಕಾಲದಲ್ಲಿ ನಾವೆಲ್ಲ ಲಕ್ಷಾಧೀಶರು ಕಣೆ," ಎಂದಳು ಇನ್ನೊಬ್ಬಳು. "ಒಲೆ ಮಾತ್ರ ಉರೀತಿರ್ಲಿಲ್ಲ."

ಹೆಂಗಸರು ನಕ್ಕರು. ಅವೆಲಿನೊ ನಗಲಿಲ್ಲ. ಅಂಗಳದಲ್ಲಿ ಪ್ರಾರ್ಥನೆ ಹೇಳುವ ಬೆನಿಗ್ನೊ ಮನೆತನದ ಸತ್ತವರ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಗುಂಡಿಯ ಬಳಿ ಒಂದೊಂದೇ ಹೆಸರು ಕೂಗಿ ಆತ್ಮಕ್ಕೆ ದಾರಿ ಬಿಡಿಸುವುದು ಅವನ ಕಸುಬು.

"ಇವತ್ತು ಲುಸ್ಮಿಲಾ ಹೆಸರೂ ಬರೆಸ್ತೀನಿ," ಎಂದ ಅವೆಲಿನೊ. "ಒಡಹುಟ್ಟಿದೋಳಿಗೆ ಇಪ್ಪತ್ತಮೂರು ವರ್ಷದಿಂದ ಒಂದು ಪ್ರಾರ್ಥನೆ ಇಲ್ಲ. ಬದುಕಿರೋಳಿಗೆ ಯಾಕೆ ಅಂತ ಅವ್ವ ತಡೀತಿದ್ಲು. ಈಗ್ಯಾರು ತಡೀತಾರೆ?"

"ನಾನು," ಎಂದಳು ಬಲ್ಬಿನಾ.

\*

ಹಿಂದೆ, ಸುಕ್ರೆಯೇ ದೇಶದ ಹಣವಾಗಿದ್ದಾಗ, ಹೋರಿ ಮಾರಿದ ಹಣವನ್ನು ತ್ರಾನ್ಸಿತೊ ಬ್ಯಾಂಕಿನಲ್ಲಿಟ್ಟಿದ್ದಳು. ಒಂದು ಬೆಳಿಗ್ಗೆ ದೇಶದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿಕೊಂಡವು. ಒಳಗೆ ಸುಕ್ರೆ ಕೊಳೆಯುತ್ತ ಹೋಯಿತು, ಹೊರಗೆ ಜನ ಕದ ಬಡಿಯುತ್ತ ಹೋದರು. ಕೊನೆಗೆ ಸರ್ಕಾರ ಸುಕ್ರೆಯನ್ನೇ ಕೊಂದು ಪರರ ಡಾಲರನ್ನು ಮನೆತುಂಬಿಸಿಕೊಂಡಿತು. ಹೋರಿ ಕಟ್ಟಿ ಬಂದವಳಿಗೆ ತಿರುಗಿ ಸಿಕ್ಕಿದ್ದು ಕುರಿ. ಹಣ ನುಂಗಿದವರು ವಿಮಾನ ಹತ್ತಿದರು. ಲುಸ್ಮಿಲಾ ಎರಡು ತಿಂಗಳ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಡಾಲರಿನ ದೇಶಕ್ಕೆಂದು ಕಳ್ಳದೋಣಿ ಹತ್ತಿದಳು. ಕರಾವಳಿಯಿಂದ ಮಾಡಿದ ಫೋನೇ ಕೊನೆ.

ತ್ರಾನ್ಸಿತೊ ಅನ್ನ ಬಿಟ್ಟಳು. ಡಾಲರ್ ನೋಟನ್ನು ಮುಟ್ಟುತ್ತಲೂ ಇರಲಿಲ್ಲ.

"ಸಾವಿರ ಸುಕ್ರೆ ನೋಟಿನ ಮೇಲೆ ನಮ್ಮ ರುಮಿನ್ಯಾವಿ ಇದ್ದ. ಇಂಕರ ದಂಡನಾಯಕ. ನಮ್ಮದೇ ಮೂಗು, ನಮ್ಮದೇ ಕೆನ್ನೆ. ಇವ್ರ್ಯಾರು, ಈ ಬಿಳಿ ಜುಟ್ಟಿನೋರು? ನಮ್ಮೋರಲ್ಲದೋರ್ನ ಯಾರಾದ್ರೂ ಹಣದ ಮೇಲೆ ಹಾಕ್ತಾರಾ?"

ಆಗ ಬಲ್ಬಿನಾಗೆ ಹದಿನಾಲ್ಕು. ಸಂತೆಯಲ್ಲಿ ಚಿಲ್ಲರೆಯ ಜೊತೆ, ಮಗು ಹೊತ್ತ ಹೆಂಗಸಿನ ಈ ಹೊಸ ನಾಣ್ಯ ಕೈಗೆ ಬಂದಾಗ ಓಡಿಬಂದು ತಾಯಿಯ ಅಂಗೈಗಿಟ್ಟಳು.

"ನೋಡವ್ವಾ, ನಮ್ಮ ಲುಸ್ಮಿಲಾ. ತಲುಪಿದಾಳೆ. ಅಲ್ಲಿ ಅವಳ್ನ ಹಣದ ಮೇಲೆ ಹಾಕಿದಾರೆ."

ಒಂದು ತುತ್ತು ತಿನ್ನಿಸಲು ಹೇಳಿದ ಸುಳ್ಳು. ತ್ರಾನ್ಸಿತೊ ನಾಣ್ಯವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಬಡವಾಗಿದಾಳೆ," ಎಂದಳು. ಆಮೇಲೆ ಗಂಜಿ ಕುಡಿದಳು.

ಅಂದಿನಿಂದ ಕೈಗೆ ಬಂದ ಅಂಥ ನಾಣ್ಯ ಒಂದೂ ಹೊರಗೆ ಹೋಗಲಿಲ್ಲ. ಯಾರಾದರೂ ಕೇಳಿದರೆ, "ಮಗಳನ್ನ ಉಪ್ಪಿಗೆ ಮಾರ್ಕೊಳ್ಲಾ?" ಎನ್ನುತ್ತಿದ್ದಳು.

\*

ಬಲ್ಬಿನಾ ನಾಣ್ಯಗಳನ್ನು ಮತ್ತೆ ಅಂಚಿಗೆ ಹೊಲಿದೇ ಲಂಗ ಉಡಿಸಿದಳು. ಶವಪೆಟ್ಟಿಗೆ ಹೊತ್ತವರು ಗುಡ್ಡ ಹತ್ತುವಾಗ ಒಳಗಿನಿಂದ ಸಣ್ಣಗೆ ಕಿಣಿಕಿಣಿ ಕೇಳುತ್ತಿತ್ತು. 

ಅವೆಲಿನೊ ತಂಗಿಯ ಪಕ್ಕಕ್ಕೆ ಬಂದ. "ಅವ್ವ ಉಣ್ಲಿ ಅಂತ ಆ ಸುಳ್ಳು ಹೇಳ್ದೆ, ಸರಿ. ಅವ್ವನೂ ಹೋದ್ಲು. ಇನ್ಯಾರು ಉಣ್ಬೇಕು ಅಂತ ಇದನ್ನ ಇಟ್ಕೊಂಡಿದೀಯ?"

ಬಲ್ಬಿನಾ ಕಿಣಿಕಿಣಿ ಬರುತ್ತಿದ್ದ ಕಡೆಗೇ ನೋಡುತ್ತ ನಡೆದಳು.

"ಬಸ್ಸಲ್ಲಿ, ಅಂಗಡೀಲಿ, ಎಲ್ಲಿ ಆ ನಾಣ್ಯ ಬಂದ್ರೂ ಮುಖ ನೋಡ್ತೀನಿ ಕಣಣ್ಣ. ಸ್ವಲ್ಪ ವಯಸ್ಸಾಗಿದ್ಯಾ ಅಂತ."

"ಆಗಿದ್ಯಾ?"

"ಇಲ್ಲ."

ಅವಳ ಕಾಲು ನಿಂತಿತು. ಹಿಂದೆ ಬರುತ್ತಿದ್ದವರು ಪಕ್ಕಕ್ಕೆ ಸರಿದು ಮುಂದೆ ಹೋದರು.

ಗುಂಡಿಯ ಬಳಿ ಬೆನಿಗ್ನೊ ಚೀಟಿ ಬಿಚ್ಚಿದ. ಅಜ್ಜ, ಅಜ್ಜಿ, ಅಪ್ಪ, ತ್ರಾನ್ಸಿತೊ. "ಇಷ್ಟೇನಾ? ಇನ್ಯಾರಾದ್ರೂ ಇದಾರಾ?"

ಅವೆಲಿನೊ ತಂಗಿಯತ್ತ ನೋಡಿದ.

"ಲುಸ್ಮಿಲಾ," ಎಂದಳು ಬಲ್ಬಿನಾ. ಅಸುಂತಾ ಶಿಲುಬೆಯ ಗುರುತು ಮಾಡಿಕೊಂಡಳು.

ಬೆನಿಗ್ನೊ ಮೊಣಕಾಲಿನ ಮೇಲೆ ಚೀಟಿ ಇಟ್ಟು ಬರೆದ. "ಕೂಸು?"

ಬಲ್ಬಿನಾ ಚೀಟಿಯತ್ತ ನೋಡಿದಳು.

"ಕೂಸಿಂದೂ ಹೇಳಮ್ಮ, ಬರ್ಕೋತೀನಿ. ಹೆಸರಿಲ್ದಿದ್ರೆ ಹೇಗೆ ಕರೀಲಿ ಅದನ್ನ?"

"ಅಲ್ಲಿಗೆ ಹೋದ್ಮೇಲೆ ಇಡ್ತೀನಿ ಅಂದಿದ್ಲು," ಎಂದಳು ಬಲ್ಬಿನಾ. "ಅಲ್ಲಿಯ ಹೆಸರೇ ಇಡ್ತೀನಿ ಅಂತ."

ಬೆನಿಗ್ನೊ ತಲೆ ಎತ್ತದೆ ಕಾಯುತ್ತ ಕೂತ. ಲುಸ್ಮಿಲಾ ಎಂಬುದರ ಕೆಳಗೆ ಊರಿದ ಪೆನ್ನು ಊರಿದಲ್ಲೇ ಇತ್ತು. ಅದರ ತುದಿಯ ಸುತ್ತ ಶಾಯಿ ಮೆಲ್ಲಗೆ ಹರಡುತ್ತ, ಮೊದಲು ಸಾಸಿವೆಯಷ್ಟಾಗಿ, ಆಮೇಲೆ ಜೋಳದ ಕಾಳಿನಷ್ಟಾಗಿ, ಚೀಟಿಯ ಆಚೆ ಬದಿಗೂ ಇಳಿಯಿತು.