ಬರ್ತೇನೆ ಎಂಬ ಮಾತು

ಚೆಂಬೂರಿನ ಬಿಲ್ಡಿಂಗಿನ ಮೆಟ್ಟಿಲಲ್ಲೇ ನಿಂತು ಸೇವಂತಿ ಹಾರಕ್ಕೆ ಕೊನೆಯ ಗಂಟು ಹಾಕಿದಳು. ಮಾಟುಂಗದಿಂದ ಹೊರಟು ಕುರ್ಲಾದಲ್ಲಿ ಗಾಡಿ ಬದಲಿಸುವ ನೂಕುನುಗ್ಗಲಲ್ಲೂ ಅವಳ ಬೆರಳು ನಿಂತಿರಲಿಲ್ಲ. ಇಪ್ಪತ್ತು ವರ್ಷ ಹೂ ಕಟ್ಟಿದ ಕೈ. ಇವತ್ತು ಮಾತ್ರ ಎರಡು ಸಲ ನೂಲು ಹರಿದಿತ್ತು.

"ನಡಿ, ಎತ್ತುವ ಹೊತ್ತಾಯ್ತು," ಎಂದ ಗಂಡ ಐತ.

ಒಳಗೆ ಕೇಶವಮೂರ್ತಿ ವಕೀಲರನ್ನು ನೆಲದ ಮೇಲೆ ಮಲಗಿಸಿದ್ದರು. ಮೂವತ್ತು ವರ್ಷ ಕೋರ್ಟಿಗೆ ಎಡತಾಕಿದ ಮನುಷ್ಯನನ್ನು ನೋಡಲು ಬಂದ ಕರಿಕೋಟು ಒಂದೇ ಒಂದು: ಹಿಂದೆ ಅವರ ಜೂನಿಯರ್ ಆಗಿದ್ದ ಸೀತಾರಾಮ. ಬಾಗಿಲ ಬಳಿ ನಿಂತು ಅವನು ಪಕ್ಕದ ಮನೆಯ ಶಾಮಣ್ಣನಿಗೆ ಹೇಳುತ್ತಿದ್ದ:

"ಒಂದು ಅಫಿಡವಿಟ್‌ನಲ್ಲಿ ಪ್ರಾಕ್ಟೀಸೇ ಮುಗಿದ್ಹೋಯ್ತು ಸರ್. ಕಕ್ಷಿದಾರನ ಫೀಸು ತಗೊಂಡು ಅವನಿಗೇ ಉಲ್ಟಾ ಬರೆದುಕೊಡೋದು ಅಂದ್ರೆ?"

"ಸುಳ್ಳು ಬರೆದ್ರಾ?"

"ಸುಳ್ಳಲ್ಲ. ಆದ್ರೆ ಹೇಳೋ ಕೆಲಸ ನಮ್ದಲ್ಲ. ಪ್ರೊಫೆಶನ್‌ಗೂ ಒಂದು ಧರ್ಮ ಇರುತ್ತಲ್ಲ?"

ಸೇವಂತಿಗೆ ಮೈ ಉರಿಯಿತು. ಆದರೆ ಅವಳ ಲೆಕ್ಕವೂ ವಕೀಲರ ಜೊತೆ ಮುಗಿದಿರಲಿಲ್ಲ. ಅವರ ಬಾಯಿಂದ ಅವಳು ಒಂದು ಮಾತನ್ನು ಕಿತ್ತಿಟ್ಟುಕೊಂಡಿದ್ದಳು. ಅದನ್ನು ಹಿಂದೆ ಕೊಡುವುದೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದರೂ ಬಗೆಹರಿದಿರಲಿಲ್ಲ.

*

ಎಂಬತ್ತಮೂರರಲ್ಲಿ, ಐತ ಅಡುಗೆಗಿದ್ದ ಹೋಟೆಲಿನಲ್ಲಿ ಗ್ಯಾಸ್ ಸಿಲಿಂಡರ್ ಸಿಡಿದು ಸೀನನೆಂಬ ಕೆಲಸಗಾರ ಸತ್ತುಹೋದ. ಆ ಮಧ್ಯಾಹ್ನ ಒಲೆಯ ಮುಂದೆ ಇದ್ದವರು ಯಾರು ಎಂಬುದೇ ಕೇಸು. ಐತನೋ, ಧಣಿಯೋ? ಧಣಿಯ ಪರ ಕೇಶವಮೂರ್ತಿ. ಹೋಟೆಲಿನ ಎದುರೇ ಹೂ ಮಾರುತ್ತಿದ್ದ ಸೇವಂತಿ ಗಂಡನ ಪರ ಸಾಕ್ಷಿ.

"ಕೇಳಿದ್ದಕ್ಕಷ್ಟೇ ಉತ್ತರ ಹೇಳಮ್ಮ. ಬಾಗಿಲಲ್ಲಿ ನಿಂತು ನಿನ್ನ ಗಂಡ ಏನಂದ?" ಎಂದು ಕೇಶವಮೂರ್ತಿ ಪಾಟೀಸವಾಲಿನಲ್ಲಿ ಕೇಳಿದರು.

"'ಧಣಿ, ಬರ್ತೇನೆ' ಅಂತ ಹೇಳಿದ್ರು."

ಕೋರ್ಟಿನ ದುಭಾಷಿಯ ಕನ್ನಡ ಅಷ್ಟಕ್ಕಷ್ಟೆ. 'ಐ ಆಮ್ ಕಮಿಂಗ್' ಎಂದ, ಹಾಗೆಯೇ ದಾಖಲಾಯಿತು. ಮನೆಗೆ ಹೊರಟವನು ಕೆಲಸಕ್ಕೆ ಒಳಬಂದವನಾದ! ಹೊರಡುವವರು 'ಹೋಗ್ತೇನೆ' ಎನ್ನುವುದಿಲ್ಲ, 'ಬರ್ತೇನೆ' ಎನ್ನುತ್ತಾರೆ ಎಂಬುದು ಕನ್ನಡದ ಎಳೆಮಕ್ಕಳಿಗೂ ಗೊತ್ತು. ಅಲ್ಲಿದ್ದ ಕರಿಕೋಟಿನವರಲ್ಲಿ ಅದು ಗೊತ್ತಿದ್ದವರು ಒಬ್ಬರೇ. ಅವರು ಕಾಗದ ನೋಡುತ್ತ ಸುಮ್ಮನೆ ಕೂತರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ವಕೀಲರ ಮೌನ ಧಣಿಗೆ ಬಂಗಾರವಾಯಿತು, ಐತನಿಗೆ ಎರಡು ವರ್ಷ ಜೈಲಾಯಿತು. ಅವನು ಒಳಗಿದ್ದಾಗಲೇ ಅವನ ತಾಯಿ ತೀರಿಕೊಂಡಳು.

ಅದಾಗಿ ತಿಂಗಳಿಗೆ ಕೇಶವಮೂರ್ತಿ ಚಾಳಿನಲ್ಲಿದ್ದ ಸೇವಂತಿಯ ಒಂಟಿಕೋಣೆಯ ಬಾಗಿಲಿಗೆ ಬಂದು ನಿಂತರು.

"ನನಗೆ ಅರ್ಥ ಗೊತ್ತಿತ್ತು ಕಣಮ್ಮ. ಗೊತ್ತಿದ್ದೂ ಸುಮ್ಮನಿದ್ದೆ. ನಾನೀಗ ಏನು ಮಾಡ್ಲಿ, ನೀನೇ ಹೇಳು."

"ಅಲ್ಲಿ ಮುಚ್ಚಿದ ಬಾಯನ್ನು ಅಲ್ಲೇ ತೆರೀರಿ, ಎಲ್ಲರ ಎದುರು," ಎಂದಳು ಸೇವಂತಿ. "ಮತ್ತೆ, 'ಬರ್ತೇನೆ' ಎಂಬ ಆ ಮಾತು ನನ್ನ ಬಾಗಿಲಲ್ಲಿ ನಿಮ್ಮ ಬಾಯಿಂದ ಬರಬಾರದು."

ಅವರು ಎರಡನ್ನೂ ಪಾಲಿಸಿದರು. ಮೇಲಿನ ಕೋರ್ಟಿಗೆ ಅಫಿಡವಿಟ್ ಕೊಟ್ಟು, ಕಟಕಟೆಯಲ್ಲಿ ತಾವೇ ನಿಂತು ಒಂದು ಕನ್ನಡ ಪದದ ಅರ್ಥ ಬಿಡಿಸಿ ಹೇಳಿದರು. ಐತ ಹೊರಬಂದ, ಅವರ ಆಫೀಸಿಗೆ ಜನ ಬರುವುದು ನಿಂತಿತು. ಆಮೇಲೆ ಪ್ರತಿವರ್ಷ ಐತನ ತಾಯಿ ತೀರಿದ ದಿನ ಚಾಳಿಗೆ ಬರುವರು. ಒಂದು ಲೋಟ ಕಾಫಿ ಕುಡಿದು, ಕೈಮುಗಿದು, ಮಾತಿಲ್ಲದೆ ಮೆಟ್ಟಿಲಿಳಿಯುವರು. ಸಾಕು, ಹೇಳಿ ಹೋಗಿ ಎನ್ನಬೇಕೆಂದು ಸೇವಂತಿಗೆ ಎಷ್ಟೋ ಸಲ ಅನಿಸಿತ್ತು. ಆದರೆ ಅತ್ತೆಯ ಮುಖ ಕಣ್ಣಮುಂದೆ ಬರುತ್ತಿತ್ತು. ಮುಂದಿನ ವರ್ಷ ನೋಡುವ ಅಂದುಕೊಳ್ಳುತ್ತಿದ್ದಳು.

*

ಹಾರ ಹಾಕಿ ಎದ್ದವಳ ಕೈಯನ್ನು ವಕೀಲರ ಹೆಂಡತಿ ಕೌಸಲ್ಯಾ ಹಿಡಿದುಕೊಂಡರು.

"ಆರು ವರ್ಷದಿಂದ ಮನೇಲೂ 'ಬರ್ತೀನಿ' ಅಂದವರಲ್ಲ ಸೇವಂತಮ್ಮ. ಸುಮ್ನೆ ಚಪ್ಪಲಿ ಮೆಟ್ಕೊಂಡು ಹೊರಟುಬಿಡೋರು. ಕೇಳಿದ್ರೆ, 'ನನಗಿನ್ನೂ ಅಪ್ಪಣೆ ಆಗಿಲ್ಲ ಕಣೆ' ಅನ್ನೋರು. ಯಾರ ಅಪ್ಪಣೆಯೋ ನನಗೆ ತಿಳೀಲಿಲ್ಲ."

ತಾನು ಮುಚ್ಚಿದ್ದು ತನ್ನ ಬಾಗಿಲೊಂದನ್ನೇ ಎಂದು ಸೇವಂತಿ ಅಂದುಕೊಂಡಿದ್ದಳು.

ಚಟ್ಟ ಎತ್ತಿದರು. ಹೆಗಲು ಕೊಡಲು ಮೂವರೇ ಇದ್ದರು. ಸೀತಾರಾಮ ಸುತ್ತ ನೋಡುವಷ್ಟರಲ್ಲಿ, ಹೆತ್ತವಳಿಗೆ ಹೆಗಲು ಕೊಡಲಾಗದಿದ್ದ ಐತ ಟವೆಲ್ಲನ್ನು ಸೊಂಟಕ್ಕೆ ಬಿಗಿದು ಮುಂದೆ ಬಂದ. ಯಾರೂ ಯಾರ ಜಾತಿಯನ್ನೂ ಕೇಳಲಿಲ್ಲ.

ಹೊಸ್ತಿಲು ದಾಟುವಾಗ ಸೇವಂತಿ ಬಾಗಿಲಿಗೆ ಓಡಿಬಂದಳು.

"ಹೋಗಿ ಬನ್ನಿ, ವಕೀಲರೇ!"

"ಅಯ್ಯೋ, ಹೆಣಕ್ಕೆ ಹಾಗನ್ನಬಾರದು ತಾಯಿ!" ಎಂದ ಶಾಮಣ್ಣ.

"ಗೊತ್ತುಂಟು," ಎಂದಳು ಸೇವಂತಿ. ಅಳು ಒತ್ತರಿಸಿ ಬಂತು. "ಹೋಗಿ ಬನ್ನಿ."

ಮೆಟ್ಟಿಲು ಇಕ್ಕಟ್ಟು. ತಿರುವಿನಲ್ಲಿ ಐತ ತನ್ನ ತುದಿಯನ್ನು ಎತ್ತಿ ಹಿಡಿದ. ಚಟ್ಟ ಮೆಲ್ಲಗೆ ತಿರುಗಿತು. ಕೆಳಗಿಳಿಯುವ ಮೊದಲು ಒಂದು ಗಳಿಗೆ ವಕೀಲರ ಮುಖ ಬಾಗಿಲ ಕಡೆಗಿತ್ತು.