ಕೊನೆಯ ಗಾಡಿ

ಮೇಷ್ಟ್ರು ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ಅರ್ಧ ಮೈ ತೂರಿಸಿ ಮಲಗಿದ್ದರು. ಬ್ಯಾಟರಿಯಿಂದ ಎಳೆದು ತಂದ ಕೆಂಪು ವೈರು ಬೆರಳಿಗೆ ಸಿಕ್ಕಂತೆ ಮಾಡಿ ಜಾರಿಕೊಳ್ಳುತ್ತಿತ್ತು. ಹೊರಗೆ ಗ್ಯಾರೇಜಿನ ಅಂಗಳದಲ್ಲಿ, ಜೀಪು ಹತ್ತಿ ಬೆಟ್ಟ ಸುತ್ತುವ ಗುಂಪಿನವರು ಚಕ್ರದ ಗಾಳಿ ನೋಡುತ್ತ, ಹಗ್ಗದ ಕೊಕ್ಕೆಗಳನ್ನು ಉಜ್ಜುತ್ತ, ಹೋದ ಸಲ ಕೆಸರಿನಲ್ಲಿ ಹೂತುಹೋದವನ ಕಾಲೆಳೆಯುತ್ತಿದ್ದರು. ಈ ಗಾಡಿಯ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ. ಅದು ಮೇಷ್ಟ್ರ ಹೆಂಡತಿಯದು, ಹೆಂಡತಿಯಾಗಿದ್ದವಳದು.

ತಾಂತ್ರಿಕ ಶಾಲೆಯಲ್ಲಿ ರೇಡಿಯೊ ರಿಪೇರಿ ಕಲಿಸುತ್ತಿದ್ದುದರಿಂದ ಗುಂಪಿಗೆಲ್ಲ ಅವರು ಮೇಷ್ಟ್ರು. ಬೆಟ್ಟದ ದಾರಿಗೆ ಹೊರಡುವ ಮೊದಲು ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊವನ್ನು ಎಲ್ಲರ ಗಾಡಿಗೂ ಕೂರಿಸುವುದು ಅವರದೇ ಕೆಲಸ. ದಾರಿಯಲ್ಲಿ ಮೊದಲ ಗಾಡಿಯೂ ಅವರದೇ. ಅವರು ಸ್ಟಿಯರಿಂಗ್ ಹಿಡಿದರೆ ಆಕೆ ಪಕ್ಕದಲ್ಲಿ ನಕ್ಷೆ ಹರಡಿಕೊಂಡು ಕೂರುತ್ತಿದ್ದಳು. ಬಲಗಡೆ ಬಂಡೆ ಇದೆ, ಹಳ್ಳದಲ್ಲಿ ನೀರು ಜಾಸ್ತಿ ಇದೆ ಎಂದು ಮೈಕಿನಲ್ಲಿ ಹಿಂದಿನವರಿಗೆ ಹೇಳುತ್ತಿದ್ದಳು, ನಡುನಡುವೆ ಗಂಡನನ್ನು ಛೇಡಿಸುತ್ತಿದ್ದಳು. ದಾರಿಯಲ್ಲಿ ಅವರಿಬ್ಬರಿಗೆ ಮಾತು ಸಾಲದೆ ಬಂದದ್ದೇ ಇಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಮಾತಿಗೆ ಬರ. ಊಟ ಆಯಿತಾ, ದೀಪ ಆರಿಸಲಾ ಎನ್ನುವುದಕ್ಕೆ ಬಂದು ನಿಂತು, ಆಮೇಲೆ ಅದೂ ನಿಂತಿತು. ಜಗಳವಾಡಿ ಬೇರೆಯಾಗಿದ್ದರೆ ಕೇಳಿದವರಿಗೆ ಹೇಳಲು ಒಂದು ಕಾರಣವಾದರೂ ಇರುತ್ತಿತ್ತು.

ಗುಂಪಿನ ಹಿರಿಯರಾದ ಡಾಕ್ಟರು ಹೋದ ವಾರ ಫೋನು ಮಾಡಿ, ಆಕೆ ಸ್ವಂತ ಗಾಡಿ ತಗೊಂಡಿದ್ದಾಳೆ, ಈ ಸಲ ಬರುತ್ತಾಳಂತೆ, ನಿಮಗೇನೂ ತೊಂದರೆಯಿಲ್ಲ ತಾನೆ ಎಂದು ಅಳುಕುತ್ತಲೇ ವಿಚಾರಿಸಿದ್ದರು. ದಾರಿಯೇನು ನಮ್ಮಪ್ಪನ ಆಸ್ತಿಯೇ ಎಂದು ಮೇಷ್ಟ್ರು ನಕ್ಕಿದ್ದರು. ಫೋನಿಟ್ಟ ಮೇಲೆ ಆ ನಗುವನ್ನು ಏನು ಮಾಡಬೇಕೆಂದು ತಿಳಿಯದೆ ಬಹಳ ಹೊತ್ತು ಕುರ್ಚಿಯಲ್ಲೇ ಕೂತಿದ್ದರು.

ವೈರು ಕೊನೆಗೂ ಕೈಗೆ ಸಿಕ್ಕಿತು. ಆಕೆ ತೆರೆದ ಬಾಗಿಲ ಬಳಿ ಅಂಗೈಯಲ್ಲಿ ಸ್ಕ್ರೂಗಳನ್ನು ಹಿಡಿದುಕೊಂಡು ನಿಂತಿದ್ದಳು. ಮೇಷ್ಟ್ರಿಗೆ ‘ನೀನು’ ಎನ್ನಲು ನಾಲಿಗೆ ಏಳುತ್ತಿರಲಿಲ್ಲ, ‘ನೀವು’ ಎಂದರೆ ತಮಗೇ ನಗು ಬರುತ್ತಿತ್ತು. ಅದಕ್ಕೇ ಎರಡೂ ಬೇಡದ ಹಾಗೆ, ಸ್ಕ್ರೂ ಬೇಕಿತ್ತು, ಗಾಡಿ ಸ್ಟಾರ್ಟ್ ಆಗಬೇಕಿತ್ತು ಎಂದು ಗಾಡಿಗೇ ಹೇಳುವವರಂತೆ ಹೇಳುತ್ತಿದ್ದರು. ಆಕೆ ಅಷ್ಟಷ್ಟನ್ನೇ ಮಾಡುತ್ತಿದ್ದಳು.

ರೇಡಿಯೊ ಕೂತಿತು. ಮೈಕು ತೂಗುಹಾಕುವ ಕೊಕ್ಕೆಯನ್ನು ಎರಡು ಸ್ಕ್ರೂ ಹಾಕಿ ಬಿಗಿದು, ಅಲುಗಾಡಿಸಿ ನೋಡಿ, ಮೇಷ್ಟ್ರು ಹಿಂದೆ ಸರಿದರು. ಆಕೆ ಬಗ್ಗಿ ನೋಡಿದಳು. ಕೊಕ್ಕೆ ಇದ್ದದ್ದು ಡ್ರೈವರಿನ ಪಕ್ಕದ ಸೀಟಿನ ಮುಂದೆ.

“ಅಲ್ಲಿ ಯಾರು ಕೂರ್ತಾರೆ?” ಎಂದಳು.

ಅದರಲ್ಲಿ ಚುಚ್ಚುವ ದನಿಯಿರಲಿಲ್ಲ. ನಿಜವಾಗಿಯೂ ಕೇಳಿದ್ದಳು, ಅಷ್ಟೇ. ಮೇಷ್ಟ್ರು ಮತ್ತೆ ಸ್ಕ್ರೂಡ್ರೈವರ್ ಎತ್ತಿಕೊಂಡರು.

“ಅಭ್ಯಾಸಬಲ,” ಎಂದರು. “ಈ ಕಡೆ ಹಾಕಿಕೊಡ್ತೀನಿ.”

ಸ್ಕ್ರೂ ಬಿಚ್ಚಿ ಕೊಕ್ಕೆಯನ್ನು ಸ್ಟಿಯರಿಂಗಿನ ಪಕ್ಕಕ್ಕೆ ತಂದರು. ಹೊಸ ಡ್ಯಾಶ್‌ಬೋರ್ಡಿನಲ್ಲಿ ಎರಡು ತೂತು ಉಳಿದವು. ಹೆಬ್ಬೆರಳಿನಿಂದ ಉಜ್ಜಿದರು, ತೂತು ಉಜ್ಜಿದರೆ ಹೋಗುತ್ತದೆಯೇ. ಪರವಾಗಿಲ್ಲ ಬಿಡಿ ಎಂದಳು ಆಕೆ.

ಆಮೇಲೆ ಎಲ್ಲರೂ ಅವರವರ ಗಾಡಿ ಹತ್ತಿ ರೇಡಿಯೊ ಪರೀಕ್ಷೆಗೆ ಕೂತರು. ಮೇಷ್ಟ್ರು ಒಂದೊಂದೇ ಗಾಡಿಯನ್ನು ಕರೆದರು. ಕೆಲವರು ಕೆಮ್ಮಿದರು, ಒಬ್ಬ ಹಾಡು ಹೇಳಿ ಬೈಸಿಕೊಂಡ. ಆಮೇಲೆ ಆಕೆಯ ಸರದಿ ಬಂತು.

“ಕೇಳಿಸ್ತಿದೆ ಮೇಷ್ಟ್ರೇ. ಸ್ಪಷ್ಟವಾಗಿ ಕೇಳಿಸ್ತಿದೆ.”

ಮದುವೆಯಾದಂದಿನಿಂದ ಆಕೆ ಅವರನ್ನು ‘ರೀ’ ಎಂದು ಕರೆದವಳು. ಎಲ್ಲರ ಬಾಯಲ್ಲಿ ಸವೆದ ಆ ಹೆಸರು ಆಕೆಯ ಬಾಯಿಂದ ಬಂದದ್ದು ಇದೇ ಮೊದಲು. ಮೇಷ್ಟ್ರು ಮೈಕಿನ ಗುಂಡಿ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಮುಂದಿನವರನ್ನು ಕರೆದರು.

ಗಾಡಿಗಳ ಸಾಲು ಗೊತ್ತುಮಾಡುವಾಗ ಡಾಕ್ಟರು, ದಾರಿ ಬಲ್ಲವಳಾದ್ದರಿಂದ ಆಕೆ ಎರಡನೆಯವಳಾಗಿ ಬರಲಿ ಎಂದು ಹೇಳಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿಯೂ ಆಗಿತ್ತು.

“ಬೇಡ ಡಾಕ್ಟ್ರೇ, ನಾನು ಕೊನೇಲಿ ಬರ್ತೀನಿ,” ಎಂದಳು ಆಕೆ. “ಇಷ್ಟು ವರ್ಷ ಮುಂದೇನೇ ಕೂತಿದ್ದೀನಿ. ಹಿಂದಿನಿಂದ ಹೇಗೆ ಕಾಣುತ್ತೋ ನೋಡ್ಬೇಕು.”

ಮರುದಿನ ಬೆಳಿಗ್ಗೆ ಗಾಡಿಗಳು ಬೆಟ್ಟ ಏರಿದವು. ಮೊದಲ ಹಳ್ಳ ದಾಟಿ, ಗುಡ್ಡವೊಂದನ್ನು ಬಳಸಿ ಮೇಷ್ಟ್ರು ಗಾಡಿ ನಿಲ್ಲಿಸಿದರು. ಎಲ್ಲರೂ ದಾಟಿದ್ದು ತಿಳಿಯುವವರೆಗೆ ಮೊದಲ ಗಾಡಿ ಮುಂದೆ ಹೋಗುವಂತಿಲ್ಲ. ಕೊನೆಯ ಗಾಡಿ ದಾಟಿತೇ ಎಂದು ಮೈಕಿನಲ್ಲಿ ಕೇಳಿದರು. ಬರೀ ಕರಕರ. ಗುಡ್ಡ ಅಡ್ಡವಿದ್ದರೆ ರೇಡಿಯೊದ ಮಾತು ಆಚೆ ಹೋಗುವುದಿಲ್ಲ, ನಡುವಿನವರು ಕೇಳಿ ದಾಟಿಸಬೇಕು. ನಡುವೆ ಇದ್ದವರು ಡಾಕ್ಟರು. ಇರಿ, ಕೇಳಿ ಹೇಳ್ತೀನಿ ಎಂದರು.

ಮೇಷ್ಟ್ರು ಎಂಜಿನ್ ಆರಿಸಿ ಕಾದರು. ಹಳ್ಳದ ಸದ್ದೂ ಇಲ್ಲಿಯವರೆಗೆ ಬರುತ್ತಿರಲಿಲ್ಲ.

“ದಾಟಿದ್ಲಂತೆ ಮೇಷ್ಟ್ರೇ,” ಡಾಕ್ಟರ ದನಿ ಬಂತು. “ನೀರು ಬಾಗಿಲವರೆಗೂ ಬಂದಿತ್ತಂತೆ. ಏನೂ ಭಯ ಆಗ್ಲಿಲ್ವಂತೆ. ನೀವು ಹೊರಡಬಹುದಂತೆ.”

ಮೇಷ್ಟ್ರು ಗುಂಡಿ ಒತ್ತಿ ಹಿಡಿದರು. ಕೇಳಬೇಕಾದದ್ದು ಇನ್ನೂ ಇತ್ತು. ಅದನ್ನು ಡಾಕ್ಟರ ಬಾಯಲ್ಲಿ ಕಳಿಸುವಂತಿರಲಿಲ್ಲ.

“ಸರಿ ಅಂತ ಹೇಳಿ,” ಎಂದರು.

ಗಾಡಿ ಸ್ಟಾರ್ಟ್ ಮಾಡಿದರು. ಮುಂದಿನ ದಾರಿಯ ಹಸಿ ಮಣ್ಣಿನಲ್ಲಿ ಯಾರ ಚಕ್ರದ ಗುರುತೂ ಇರಲಿಲ್ಲ.